ಬ್ರಾಮ್ಸ್‌ನ ಇ ಮೈನರ್ ಚೆಲೋ ಸೊನಾಟ ಮತ್ತು ಗತಕಾಲದ ಪ್ರಶ್ನೆ

೧

ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನವು ಇತಿಹಾಸದ ಶತಮಾನವೆಂಬ ಮಾತು ಬಳಕೆಯಲ್ಲಿದೆ. ವಿಶ್ವವಿದ್ಯಾನಿಲಯಗಳಲ್ಲಿ ಇತಿಹಾಸವು ಶಾಸ್ತ್ರವಾಗಿ ನೆಲೆಗೊಂಡದ್ದು, ಹಳೆಯ ದಾಖಲೆಗಳು ವಿದ್ವಾಂಸರ ಕೈಗೆ ದೊರೆತದ್ದು, ಪ್ರಾಚೀನ ಗ್ರಂಥಗಳ ಪರಿಷ್ಕೃತ ಮುದ್ರಣಗಳು ಸಾಲಾಗಿ ಹೊರಬಂದದ್ದು ಈ ಕಾಲದಲ್ಲಿಯೇ. ಇವನ್ನೆಲ್ಲ ನಾವು ತರಗತಿಗಳಲ್ಲಿ ರಾಂಕೆಯ ಹೆಸರಿನೊಡನೆ ಸೇರಿಸಿ ಹೇಳುತ್ತೇವೆ. ಆದರೆ ಇದೇ ಪ್ರವಾಹವು ಸಂಗೀತದ ಕ್ಷೇತ್ರಕ್ಕೂ ಹರಿದು, ಅಲ್ಲಿ ಇನ್ನೂ ಕಠಿಣವಾದ ಪ್ರಶ್ನೆಯೊಂದನ್ನು ಎಬ್ಬಿಸಿತೆಂಬುದನ್ನು ಹೇಳುವುದು ಅಪರೂಪ.

ಯೋಹಾನ್ ಸೆಬಾಸ್ಟಿಯನ್ ಬಾಕ್ ೧೭೫೦ರಲ್ಲಿ ತೀರಿಕೊಂಡನು. ಅವನ ಕೃತಿಗಳನ್ನು ಬಲ್ಲವರು ಅನಂತರ ಇಲ್ಲದೆ ಹೋಗಲಿಲ್ಲವಾದರೂ ಜನರ ಮುಂದೆ ಅವು ಕೇಳಿಬರುತ್ತಿದ್ದುದು ಕಡಮೆ. ೧೮೨೯ರಲ್ಲಿ ಮೆಂಡೆಲ್ಸನ್‌ನು ಬರ್ಲಿನ್ನಿನಲ್ಲಿ ಸಂತ ಮತ್ತಾಯನ ಪ್ಯಾಷನ್ ಕೃತಿಯನ್ನು ಮತ್ತೆ ಹಾಡಿಸಿದನು. ೧೮೫೦ರಲ್ಲಿ, ಬಾಕ್ ಸತ್ತು ನೂರು ವರ್ಷವಾದಾಗ, ಅವನ ಸಮಗ್ರ ಕೃತಿಗಳನ್ನು ಪ್ರಕಟಿಸುವುದಕ್ಕಾಗಿ ಲೈಪ್‌ಜಿಗ್‌ನಲ್ಲಿ ಒಂದು ಸಂಘ ಸ್ಥಾಪಿತವಾಯಿತು. ಆ ಕಾರ್ಯ ಮುಗಿಯಲು ಸುಮಾರು ಅರ್ಧ ಶತಮಾನ ಹಿಡಿಯಿತು. ಹೀಗೆ ೧೮೫೦ರ ಅನಂತರ ಕೃತಿರಚನೆಗೆ ತೊಡಗಿದ ಯುವಕನ ಮೇಜಿನ ಮೇಲೆ ಗತಿಸಿದ ಯುಗವೊಂದು ಅಚ್ಚಾಗಿ, ಸಂಪುಟ ಸಂಪುಟವಾಗಿ ಬಂದು ಕುಳಿತಿತು. ಇತಿಹಾಸಕಾರನಾದರೆ ಗತಕಾಲವನ್ನು ಅರಿತು ವಿವರಿಸಿದರೆ ಸಾಕು. ಕಲಾವಿದನಿಗೆ ಅಷ್ಟು ಸಾಲದು. ಗತಕಾಲವನ್ನು ಚೆನ್ನಾಗಿ ಅರಿತವನು, ಅರಿತ ಮೇಲೆ, ಅದನ್ನು ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರವಾಗಿ ನಾವು ಇಲ್ಲಿ ಒಂದೇ ಕೃತಿಯನ್ನು ಪರಿಶೀಲಿಸಬಯಸುತ್ತೇವೆ: ಯೋಹಾನೆಸ್ ಬ್ರಾಮ್ಸ್‌ನು (೧೮೩೩–೧೮೯೭) ಪಿಯಾನೋ ಮತ್ತು ಚೆಲೋ ವಾದ್ಯಗಳಿಗಾಗಿ ರಚಿಸಿದ ಇ ಮೈನರ್ ಸೊನಾಟ, ಅವನ ೩೮ನೆಯ ಕೃತಿ. ಇದನ್ನು ಕುರಿತು ಹಳೆಯದೊಂದು ಆಕ್ಷೇಪಣೆಯಿದೆ: ಮೊದಲನೆಯ ಭಾಗ ಹೃದಯದಿಂದ ಬಂದದ್ದು, ಕೊನೆಯದು ಪುಸ್ತಕದಿಂದ ಬಂದದ್ದು, ಅಲ್ಲಿ ಭಾವವನ್ನು ಪಾಂಡಿತ್ಯವು ನುಂಗಿದೆ ಎಂಬುದೇ ಅದು. ಈ ಆಕ್ಷೇಪಣೆ ಸಾಧುವಲ್ಲವೆಂದು ನಮ್ಮ ಅಭಿಪ್ರಾಯ. ಕೃತಿಯ ಮೂರು ಭಾಗಗಳೂ ಗತಕಾಲದ ಕಡೆಗೇ ಮುಖಮಾಡಿವೆ. ಆದರೆ ಒಂದೊಂದೂ ಅದರೊಡನೆ ಬೇರೆಬೇರೆ ರೀತಿಯಲ್ಲಿ ವ್ಯವಹರಿಸುತ್ತದೆ. ಈ ವ್ಯತ್ಯಾಸವನ್ನು ಗುರುತಿಸಿದರೆ ಕೃತಿಯ ಏಕತೆಯೂ ಅದರ ಪ್ರಾಮಾಣಿಕತೆಯೂ ಗೋಚರವಾಗುತ್ತವೆ.

೨

ಕೃತಿಯು ಹುಟ್ಟಿದ ಸಂದರ್ಭವನ್ನು ಮೊದಲು ನೋಡೋಣ. ೧೮೫೩ರ ಅಕ್ಟೋಬರಿನಲ್ಲಿ ರಾಬರ್ಟ್ ಶೂಮನ್‌ನು ತಾನೇ ಸ್ಥಾಪಿಸಿದ್ದ ಸಂಗೀತಪತ್ರಿಕೆಯಲ್ಲಿ ‘ಹೊಸ ದಾರಿಗಳು’ ಎಂಬ ಲೇಖನವನ್ನು ಬರೆದು, ಇಪ್ಪತ್ತು ವರ್ಷದ ಬ್ರಾಮ್ಸ್‌ನನ್ನು ಬರಲಿರುವ ಯುಗದ ಪ್ರತಿನಿಧಿಯೆಂದು ಸಾರಿದನು. ಹೀಗೆ ಹೊಸ ದಾರಿಯ ಹರಿಕಾರನೆನಿಸಿದವನು ಮಾಡಿದ್ದಾದರೂ ಏನು? ೧೮೫೬ರಿಂದ ತನ್ನ ಮಿತ್ರ, ಪಿಟೀಲುವಾದಕ ಯೋಸೆಫ್ ಯೋಆಕಿಮ್‌ನೊಡನೆ ಅಂಚೆಯ ಮೂಲಕ ಫ್ಯೂಗ್, ಕ್ಯಾನನ್ ಮುಂತಾದ ಹಳೆಯ ರಚನಾಪ್ರಕಾರಗಳ ಅಭ್ಯಾಸಪಾಠಗಳನ್ನು ವಿನಿಮಯ ಮಾಡಿಕೊಳ್ಳತೊಡಗಿದನು. ಇವನದು ಕೇವಲ ಹವ್ಯಾಸವಾಗಿರಲಿಲ್ಲ. ಮುಂದೆ ಅವನು ಕೂಪರೆನ್‌ನ ಕೃತಿಗಳ ಸಂಪಾದನೆಯಲ್ಲಿ ಪಾಲ್ಗೊಂಡನು. ಹಸ್ತಪ್ರತಿಗಳನ್ನೂ ಹಳೆಯ ಮುದ್ರಣಗಳನ್ನೂ ಸಂಗ್ರಹಿಸಿದನು. ಆ ಗ್ರಂಥಭಂಡಾರವು ಅವನ ಮರಣಾನಂತರ ವಿಯೆನ್ನದ ಸಂಗೀತಮಿತ್ರರ ಸಂಘಕ್ಕೆ ಸೇರಿತು. ವಿದ್ವಾಂಸನ ಮನೋಧರ್ಮ ಅವನಲ್ಲಿ ಸಹಜವಾಗಿಯೇ ಇತ್ತು.

೧೮೬೦ರಲ್ಲಿ ಅವನು ಒಂದು ಸಾರ್ವಜನಿಕ ವಿವಾದಕ್ಕೆ ಸಿಕ್ಕಿಬಿದ್ದನು. ಲಿಸ್ಟ್‌ನ ಅನುಯಾಯಿಗಳು ತಮ್ಮನ್ನು ಹೊಸ ಜರ್ಮನ್ ಪಂಥವೆಂದು ಕರೆದುಕೊಂಡು, ಭವಿಷ್ಯತ್ತಿನ ಸಂಗೀತ ತಮ್ಮದೇ ಎಂದು ಘೋಷಿಸುತ್ತಿದ್ದ ಕಾಲ ಅದು. ಇದನ್ನು ಪ್ರತಿಭಟಿಸಿ ಬ್ರಾಮ್ಸ್, ಯೋಆಕಿಮ್, ಗ್ರಿಮ್, ಶೋಲ್ಟ್ಸ್ ಎಂಬ ನಾಲ್ವರು ಸಹಿಮಾಡಿದ ಪ್ರಕಟಣೆಯೊಂದು ಬರ್ಲಿನ್ನಿನ ಪತ್ರಿಕೆಯಲ್ಲಿ ಹೊರಬಂದಿತು. ಇನ್ನೂ ಹಲವರ ಸಹಿ ಸೇರುವ ಮೊದಲೇ ಅದು ಬಯಲಾದುದರಿಂದ ಪರಿಹಾಸಕ್ಕೆ ಗುರಿಯಾಯಿತು. ಸಂಗೀತದ ಚರಿತ್ರೆಗಳಲ್ಲಿ ಬ್ರಾಮ್ಸ್‌ನಿಗೆ ಅಂಟಿದ ‘ಸಂಪ್ರದಾಯಶರಣ’ ಎಂಬ ಬಿರುದಿಗೆ ಈ ಕಾಗದವೇ ಬಹುಮಟ್ಟಿಗೆ ಆಧಾರ. ಕಾಗದದ ಮೇಲೆ ಕಂಡ ಹೇಳಿಕೆಯನ್ನೇ ಪರಮ ಪ್ರಮಾಣವೆಂದು ಭಾವಿಸುವುದು ಇತಿಹಾಸಾಭ್ಯಾಸಿಗಳಿಗೆ ಸುಲಭವಾಗಿ ಅಂಟುವ ದೋಷ. ಒಬ್ಬ ಕರ್ತೃವು ಗತಕಾಲವನ್ನು ಕುರಿತು ನಿಜವಾಗಿ ಏನನ್ನು ಭಾವಿಸಿದ್ದನೆಂಬುದಕ್ಕೆ ಅವನ ಪ್ರಕಟಣೆಗಿಂತ ಅವನ ಕೃತಿಯೇ ಉತ್ತಮ ದಾಖಲೆ.

ಎರಡು ವರ್ಷಗಳ ಬಳಿಕ, ೧೮೬೨ರಲ್ಲಿ, ಈ ಸೊನಾಟದ ಮೊದಲೆರಡು ಭಾಗಗಳೂ ಒಂದು ವಿಳಂಬಗತಿಯ ಅಡಾಜಿಯೋ ಭಾಗವೂ ಸಿದ್ಧವಾದುವು. ಅಲ್ಲಿಗೆ ಕೆಲಸ ನಿಂತಿತು. ಬ್ರಾಮ್ಸ್‌ನು ವಿಯೆನ್ನಕ್ಕೆ ಹೋದನು. ೧೮೬೩ರಲ್ಲಿ ಅಲ್ಲಿಯ ಗಾಯನಸಂಘವೊಂದರ ನಿರ್ದೇಶಕನಾದನು. ಮರುವರ್ಷ ಆ ಹುದ್ದೆಯನ್ನು ಬಿಟ್ಟನು. ೧೮೬೫ರ ಫೆಬ್ರವರಿಯಲ್ಲಿ ಅವನ ತಾಯಿ ತೀರಿಕೊಂಡಳು. ಆ ವರ್ಷದ ಜೂನ್ ತಿಂಗಳಿನಲ್ಲಿ, ಬಾಡೆನ್‌ಬಾಡೆನ್ ಬಳಿಯ ಲಿಖ್ಟೆಂಟಾಲ್‌ನಲ್ಲಿ, ಕೊನೆಯ ಭಾಗವನ್ನು ಬರೆದನು. ಅಡಾಜಿಯೋವನ್ನು ಕೈಬಿಟ್ಟು, ಮೂರು ಭಾಗಗಳ ಕೃತಿಯಾಗಿ ೧೮೬೬ರಲ್ಲಿ ಜಿಮ್ರಾಕ್ ಸಂಸ್ಥೆಯ ಮೂಲಕ ಪ್ರಕಟಿಸಿ, ತನಗೆ ನೆರವಾಗಿದ್ದ ವಿಯೆನ್ನದ ಗಾಯನಶಿಕ್ಷಕನೂ ಹವ್ಯಾಸಿ ಚೆಲೋವಾದಕನೂ ಆದ ಯೋಸೆಫ್ ಗೆನ್ಸ್‌ಬಾಖರ್‌ನಿಗೆ ಅರ್ಪಿಸಿದನು. ಬ್ರಾಮ್ಸ್‌ನು ಬಾಕ್‌ನ ನೆರಳಿನಲ್ಲಿ ಕುಳಿತು ಈ ಕೊನೆಯ ಭಾಗವನ್ನು ಬರೆಯುತ್ತಿದ್ದ ಅದೇ ತಿಂಗಳು, ಜೂನ್ ೧೦ರಂದು, ಮ್ಯೂನಿಕ್ ನಗರದಲ್ಲಿ ವಾಗ್ನರನ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ ಮೊದಲ ಬಾರಿಗೆ ರಂಗವನ್ನೇರಿತು. ಕಾಲವು ಒಂದೇ ಆದರೂ ಕಾಲಧರ್ಮವು ಒಂದೇ ಆಗಿರಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

೩

ಕೃತಿಯನ್ನು ಪ್ರವೇಶಿಸುವ ಮೊದಲು ಈ ಎರಡು ವಾದ್ಯಗಳ ಸಂಬಂಧವನ್ನು ತಿಳಿಯುವುದು ಅವಶ್ಯ. ಚೆಲೋ ಪಿಟೀಲಿನ ಮನೆತನಕ್ಕೆ ಸೇರಿದ, ಮಂದ್ರಸ್ಥಾಯಿಯ ವಾದ್ಯ. ಅದರ ನಾದ ಗಂಭೀರವಾದುದು, ಪುರುಷಕಂಠವನ್ನು ಹೋಲುವಂಥದು. ಆದರೆ ಅದು ಸಂಚರಿಸುವ ಸ್ಥಾಯಿಯಲ್ಲಿಯೇ ಪಿಯಾನೋವಾದಕನ ಎಡಗೈಯೂ ಸಂಚರಿಸುತ್ತದೆ. ಪಿಟೀಲಾದರೆ ಪಿಯಾನೋವಿನ ಮೇಲೆ ತೇಲಬಲ್ಲುದು. ಚೆಲೋ ಅದರೊಳಗೆ ಮುಳುಗುವ ಅಪಾಯವುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಪಿಯಾನೋವಿನ ಚೌಕಟ್ಟಿಗೆ ಕಬ್ಬಿಣ ಸೇರಿ ಅದರ ಧ್ವನಿ ಬಲವಾದಂತೆಲ್ಲ ಈ ಅಪಾಯ ಹೆಚ್ಚಿತು.

ಈ ತೊಡಕನ್ನು ಮೊದಲು ಗಂಭೀರವಾಗಿ ಎದುರಿಸಿದವನು ಬೀಥೋವೆನ್. ಅವನ ಐದು ಚೆಲೋ ಸೊನಾಟಗಳಲ್ಲಿ ಮೊದಲಿನ ಎರಡು ೧೭೯೬ರವು. ಕೊನೆಯ ಎರಡು ೧೮೧೫ರವು. ಕೊನೆಯ ಡಿ ಮೇಜರ್ ಸೊನಾಟ ಒಂದು ಫ್ಯೂಗ್‌ನಲ್ಲಿ ಮುಗಿಯುತ್ತದೆಂಬುದು ಪ್ರಕೃತ ವಿಷಯಕ್ಕೆ ಮುಖ್ಯವಾದುದು. ಅನಂತರ ಮೆಂಡೆಲ್ಸನ್ ಎರಡು ಸೊನಾಟಗಳನ್ನೂ ಶೋಪ್ಯಾನ್ ಒಂದನ್ನೂ ಬರೆದರು. ೧೮೪೭ರಲ್ಲಿ ಪ್ರಕಟವಾದ ಶೋಪ್ಯಾನ್‌ನ ಜಿ ಮೈನರ್ ಸೊನಾಟದಲ್ಲಿ ಪಿಯಾನೋವಿನ ಸಮೃದ್ಧಿಯೇ ಚೆಲೋವಿಗೆ ಅಡ್ಡಿಯಾಗುವುದನ್ನು ಹಲವೆಡೆ ಕಾಣಬಹುದು. ಬ್ರಾಮ್ಸ್‌ನು ತನ್ನ ಕೃತಿಗೆ ‘ಪಿಯಾನೋ ಮತ್ತು ಚೆಲೋವಿಗಾಗಿ ಸೊನಾಟ’ ಎಂದು, ಪಿಯಾನೋವನ್ನು ಮೊದಲಿಟ್ಟು, ಹೆಸರಿಸಿದನು. ಇದು ಬೀಥೋವೆನ್ ಕಾಲದ ರೂಢಿಯೇ ಆದರೂ ಇಲ್ಲಿ ಅರ್ಥವತ್ತಾಗಿದೆ: ಇಲ್ಲಿ ಒಂದು ಹಾಡುವುದು, ಇನ್ನೊಂದು ಪಕ್ಕವಾದ್ಯವಾಗಿ ನಿಲ್ಲುವುದು ಎಂಬ ವಿಭಾಗವಿಲ್ಲ. ಹಾಗಾದರೆ ಇಬ್ಬರು ಸಮಾನರು ಪರಸ್ಪರ ಅಡಗಿಸದೆ ಮಾತನಾಡುವುದು ಹೇಗೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದುವರಿಯೋಣ.

೪

ಮೊದಲನೆಯ ಭಾಗ, ಅತಿವೇಗವಲ್ಲದ ಅಲೆಗ್ರೋ, ಮೂರರಲ್ಲಿ ಅತ್ಯಂತ ದೀರ್ಘವಾದುದು. ಯಾವ ಪೀಠಿಕೆಯೂ ಇಲ್ಲದೆ ಚೆಲೋ ತನ್ನ ಮಂದ್ರದ ತಂತಿಗಳಲ್ಲಿ ಮುಖ್ಯ ವಸ್ತುವನ್ನು ಎತ್ತಿಕೊಳ್ಳುತ್ತದೆ. ಪಿಯಾನೋ ತಾಳದ ಪೆಟ್ಟುಗಳ ಮೇಲೆ ಬೀಳದೆ, ಅವುಗಳ ನಡುವೆ, ಮೆಲ್ಲನೆಯ ಸ್ವರಮೇಳಗಳನ್ನು ಇಡುತ್ತದೆ. ಚೆಲೋವಿಗೆ ಜಾಗ ಬಿಡುವ ಈ ಉಪಾಯ ಎಷ್ಟು ಸರಳವೋ ಅಷ್ಟೇ ಸೂಕ್ಷ್ಮವಾದುದು. ಅನಂತರ ಪಿಯಾನೋ ಅದೇ ವಸ್ತುವನ್ನು ತಾನು ಕೈಗೆತ್ತಿಕೊಂಡಾಗ ಚೆಲೋ ಹಿಂದೆ ಸರಿದು ಆಧಾರವಾಗುತ್ತದೆ. ಮೊದಲ ಪುಟದಲ್ಲಿಯೇ ಸಮಾನತೆಯ ಕರಾರು ಆಗಿಹೋಗುತ್ತದೆ.

ಈ ವಸ್ತುವಿನ ಆಕಾರವನ್ನು ಗಮನಿಸಬೇಕು. ಅದು ಆಧಾರಸ್ವರದಿಂದ ಹೊರಟು ಮೈನರ್ ಮೇಳದ ಸ್ವರಗಳನ್ನು ಮೆಟ್ಟಿಲಾಗಿ ಏರುತ್ತದೆ. ಐದನೆಯ ಸ್ವರವನ್ನು ತಲುಪಿ, ಅದಕ್ಕಿಂತ ಅರ್ಧಸ್ವರ ಮೇಲಿರುವ ಆರನೆಯದನ್ನು ಮುಟ್ಟಿ, ನಿಲ್ಲಲಾರದೆ ಕೆಳಗಿಳಿಯುತ್ತದೆ. ಬಾಕ್‌ನ ಕೊನೆಗಾಲದ ‘ಫ್ಯೂಗ್ ಕಲೆ’ ಎಂಬ ಮಹಾಕೃತಿಯ ಮೂರನೆಯ ಫ್ಯೂಗ್‌ನ ವಸ್ತುವಿಗೂ ಇದಕ್ಕೂ ನಿಕಟವಾದ ಹೋಲಿಕೆಯಿರುವುದನ್ನು ವಿದ್ವಾಂಸರು ಹಿಂದೆಯೇ ತೋರಿಸಿದ್ದಾರೆ. ಅಲ್ಲಿಯೂ ಅದೇ ಏರಿಕೆ, ಅದೇ ಅರ್ಧಸ್ವರದ ಸ್ಪರ್ಶ, ಅದೇ ಇಳಿಕೆ. ಆದರೆ ಈ ಸಾದೃಶ್ಯವನ್ನು ಹೇಳಿಕೊಡದೆ ಇದ್ದರೆ ಎಷ್ಟು ಮಂದಿ ಕೇಳುಗರು ಗುರುತಿಸಿಯಾರು? ಬಾಕ್‌ನಲ್ಲಿ ಈ ವಸ್ತು ಫ್ಯೂಗ್‌ನ ಬೀಜ. ಒಂದು ಧ್ವನಿ ನುಡಿದೊಡನೆ ಇನ್ನೊಂದು ಅದನ್ನು ಹಿಂಬಾಲಿಸಬೇಕು. ಬ್ರಾಮ್ಸ್‌ನಲ್ಲಿ ಅದು ದೀರ್ಘವಾದ ಹಾಡಾಗಿದೆ. ಯಾರೂ ಅದನ್ನು ಹಿಂಬಾಲಿಸುವುದಿಲ್ಲ, ಅದು ತನ್ನಷ್ಟಕ್ಕೆ ಯೋಚಿಸುತ್ತ ನಡೆಯುತ್ತದೆ. ಬಾಕ್ ಇಲ್ಲಿ ಉದ್ಧೃತನಾಗಿಲ್ಲ, ಜೀರ್ಣವಾಗಿದ್ದಾನೆ. ಓದಿದ್ದು ರಕ್ತಗತವಾದ ಮೇಲೆ ಮಾತಿನಲ್ಲಿ ಅದು ಪುಸ್ತಕದ ವಾಕ್ಯವಾಗಿ ಕಾಣದೆ ಮಾತಿನ ಧಾಟಿಯಾಗಿ ಕಾಣುತ್ತದೆಯಷ್ಟೆ, ಹಾಗೆ.

ಮುಂದೆ ಬಿ ಮೈನರಿನ ಆವೇಶಯುಕ್ತ ವಸ್ತು ಬಂದು, ಎರಡು ವಾದ್ಯಗಳೂ ವಾಗ್ವಾದಕ್ಕೆ ತೊಡಗಿ, ಪ್ರತಿಪಾದನೆಯ ಭಾಗವು ಬಿ ಮೇಜರಿನ ಶಾಂತಿಯಲ್ಲಿ ವಿಶ್ರಮಿಸುತ್ತದೆ. ಇದೇ ಶಾಂತಿ ಭಾಗದ ಕೊನೆಯಲ್ಲಿ ಇ ಮೇಜರಿನಲ್ಲಿ ಮರಳುತ್ತದೆ. ಮೈನರಿನಲ್ಲಿ ತೊಡಗಿದ ಚಿಂತನೆ ಮೇಜರಿನಲ್ಲಿ, ಗೆಲವಿನ ಆರ್ಭಟವಿಲ್ಲದೆ, ಮುಗಿಯುತ್ತದೆ. ಗತಕಾಲವನ್ನು ಸಂಪೂರ್ಣವಾಗಿ ತನ್ನದಾಗಿಸಿಕೊಂಡವನಿಗೆ ಮಾತ್ರ ದೊರೆಯುವ ಸಮಾಧಾನ ಇದು. ಇಡೀ ಕೃತಿಯಲ್ಲಿ ಈ ಭಾಗವೇ ಶ್ರೇಷ್ಠವಾದುದೆಂಬ ಸಾಮಾನ್ಯ ಅಭಿಪ್ರಾಯಕ್ಕೆ ನಮ್ಮ ವಿರೋಧವಿಲ್ಲ.

೫

ಎರಡನೆಯ ಭಾಗ ಎ ಮೈನರಿನಲ್ಲಿದೆ. ಅದರ ಶಿರೋನಾಮೆ ‘ಮಿನುಯೆಟ್ಟಿನಂತೆ’ ಎಂದು. ‘ಅಂತೆ’ ಎಂಬ ಪದವೇ ಇಲ್ಲಿ ಮುಖ್ಯ. ಮಿನುಯೆಟ್ ಹದಿನೇಳು, ಹದಿನೆಂಟನೆಯ ಶತಮಾನಗಳ ಆಸ್ಥಾನನೃತ್ಯ. ಫ್ರೆಂಚ್ ಕ್ರಾಂತಿಯೊಡನೆ ಆ ಆಸ್ಥಾನಗಳ ಜೀವನಕ್ರಮ ಅಳಿಯತೊಡಗಿತು. ೧೮೬೨ರಲ್ಲಿ ಅದನ್ನು ಕುಣಿಯುವವರಿರಲಿಲ್ಲ. ಬ್ರಾಮ್ಸ್‌ನು ಬರೆದದ್ದು ನೃತ್ಯವನ್ನಲ್ಲ, ನೃತ್ಯದ ನೆನಪನ್ನು. ಹೆಜ್ಜೆಗಳು ಅಚ್ಚುಕಟ್ಟಾಗಿವೆ, ನಯವಿದೆ. ಆದರೆ ಮೈನರ್ ಮೇಳದ ಮಬ್ಬು ಎಲ್ಲದರ ಮೇಲೂ ಕವಿದಿದೆ. ನಡುವಣ ಟ್ರಿಯೋ ಎಫ್ ಷಾರ್ಪ್ ಮೈನರಿಗೆ, ಎಂದರೆ ಬಹು ದೂರದ ನೆಲೆಗೆ, ಹೋಗಿಬಿಡುತ್ತದೆ. ಮಿನುಯೆಟ್ಟಿನ ಮೊದಲಲ್ಲಿ ಪಿಯಾನೋ ನುಡಿಯುವ ಕಿರಿಯ ಸ್ವರಗುಚ್ಛವೇ ಈ ಟ್ರಿಯೋದ ಬೀಜ. ಅಲ್ಲಿ ಔಪಚಾರಿಕವಾಗಿದ್ದುದು ಇಲ್ಲಿ ಅಂತರಂಗದ ನುಡಿಯಾಗುತ್ತದೆ; ಬಳಿಕ ಮಿನುಯೆಟ್ ಏನೂ ಆಗಿಲ್ಲವೆಂಬಂತೆ ಮರಳುತ್ತದೆ.

ಮೊದಲ ಭಾಗದಲ್ಲಿ ಗತಕಾಲ ಜೀರ್ಣವಾಗಿದ್ದರೆ ಇಲ್ಲಿ ಅದು ಸ್ಮೃತಿಯಾಗಿದೆ. ದೂರವೇ ಇಲ್ಲಿಯ ಸೌಂದರ್ಯ. ಇದನ್ನು ಹಳೆಯ ಕಾಲದ ಅನುಕರಣವೆನ್ನುವವರು ಆ ದೂರವನ್ನು ಕೇಳಿಸಿಕೊಂಡಿಲ್ಲವೆನ್ನಬೇಕು.

ಕೈಬಿಟ್ಟ ಅಡಾಜಿಯೋ ವಿಚಾರವಾಗಿ ಒಂದು ಮಾತು. ಅದನ್ನು ಬ್ರಾಮ್ಸ್‌ನು ೧೮೮೬ರ ಎಫ್ ಮೇಜರ್ ಚೆಲೋ ಸೊನಾಟದಲ್ಲಿ ಬಳಸಿಕೊಂಡನೆಂಬ ಊಹೆಯಿದೆ. ಅದನ್ನು ಸ್ಥಾಪಿಸುವ ದಾಖಲೆಯಿಲ್ಲ. ಕೃತಿಯ ಮಟ್ಟಿಗೆ ಹೇಳುವುದಾದರೆ, ವಿಳಂಬಗತಿಯ ಭಾಗ ಇಲ್ಲದುದರಿಂದ ಒಂದು ಕೊರತೆಯೂ ಒಂದು ಲಾಭವೂ ಆಗಿವೆ. ಚೆಲೋವಿಗೆ ಸಹಜವಾದ ನಿಧಾನಗಾನಕ್ಕೆ ಅವಕಾಶ ತಪ್ಪಿತೆಂಬುದು ಕೊರತೆ. ಭಾವಪೂರ್ಣವಾದ ಮೊದಲನೆಯ ಭಾಗದ ಬಳಿಕ ಮತ್ತೊಂದು ಅಂಥ ಭಾಗ ಬಾರದೆ, ಮಿನುಯೆಟ್ಟಿನಿಂದ ನೇರವಾಗಿ ಫ್ಯೂಗ್‌ಗೆ ಹೋಗುವುದರಿಂದ ಗತಕಾಲದೊಡನೆ ನಡೆಯುವ ವ್ಯವಹಾರ ಮೂರು ಹೆಜ್ಜೆಗಳಲ್ಲಿ ಸ್ಪಷ್ಟವಾಯಿತೆಂಬುದು ಲಾಭ.

೬

ಈಗ ವಿವಾದಾಸ್ಪದವಾದ ಕೊನೆಯ ಭಾಗ. ಪಿಯಾನೋವಾದಕನ ಎಡಗೈ ಒಂಟಿಯಾಗಿ ವಸ್ತುವನ್ನು ಘೋಷಿಸುತ್ತದೆ: ಒಂದು ಇಡೀ ಸ್ಥಾಯಿಯಷ್ಟು ಕೆಳಕ್ಕೆ ಧುಮುಕಿ, ಅಲ್ಲಿಂದ ಮೂರು ಮೂರು ಸ್ವರಗಳ ಓಟದಲ್ಲಿ ನುಗ್ಗುತ್ತದೆ. ಚೆಲೋ ಅದನ್ನು ಎತ್ತಿಕೊಳ್ಳುತ್ತದೆ. ಅನಂತರ ಪಿಯಾನೋವಿನ ಬಲಗೈ. ‘ಫ್ಯೂಗ್ ಕಲೆ’ಯ ಹದಿಮೂರನೆಯದೆಂದು ವಾಡಿಕೆಯಲ್ಲಿ ಎಣಿಸುವ, ಕನ್ನಡಿಯ ಬಿಂಬದಂತೆ ತಲೆಕೆಳಗಾಗಿಯೂ ನುಡಿಸಬಹುದಾದ, ಫ್ಯೂಗ್‌ನ ವಸ್ತುವನ್ನು ಇದು ಬಹಿರಂಗವಾಗಿಯೇ ನೆನಪಿಸುತ್ತದೆ. ಮೊದಲ ಭಾಗದಲ್ಲಿ ಮರೆಯಲ್ಲಿದ್ದ ಬಾಕ್ ಇಲ್ಲಿ ಎದುರಿಗೆ ಬಂದು ನಿಂತಿದ್ದಾನೆ.

ಏಕೆ? ಪಾಂಡಿತ್ಯಪ್ರದರ್ಶನವೆಂಬ ಉತ್ತರ ಸುಲಭವಾದುದು. ಆದರೆ ಮೇಲೆ ಹೇಳಿದ ಸಮಾನತೆಯ ಪ್ರಶ್ನೆಯನ್ನು ಇಲ್ಲಿ ಸ್ಮರಿಸಬೇಕು. ಫ್ಯೂಗ್‌ನಲ್ಲಿ ಪಕ್ಕವಾದ್ಯವೆಂಬುದಿಲ್ಲ. ಎಡಗೈ, ಚೆಲೋ, ಬಲಗೈ ಈ ಮೂರೂ ಒಂದೇ ವಸ್ತುವನ್ನು ಸರದಿಯಂತೆ ನುಡಿಯುವ ಸಮಾನ ಧ್ವನಿಗಳು. ಚೆಲೋವಿನ ಸ್ಥಾನ ಪಿಯಾನೋವಿನ ಎರಡು ಕೈಗಳ ನಡುವೆ. ಅದು ಮೇಲೆ ತೇಲಬೇಕಾಗಿಯೂ ಇಲ್ಲ, ಕೆಳಗೆ ಮುಳುಗಬೇಕಾಗಿಯೂ ಇಲ್ಲ. ಹೊಸ ಕಾಲದ ವಾದ್ಯಗಳು ಎಬ್ಬಿಸಿದ ತೊಡಕಿಗೆ ಬ್ರಾಮ್ಸ್‌ನು ಹಳೆಯ ಕಾಲದ ರಚನಾಕ್ರಮದಲ್ಲಿ ಪರಿಹಾರವನ್ನು ಹುಡುಕಿದನು. ಹಳೆಯದು ಇಲ್ಲಿ ಅಲಂಕಾರವಾಗಿ ಬಂದುದಲ್ಲ, ಕೆಲಸಕ್ಕೆ ಬಂದುದು.

ಆದರೆ ಫ್ಯೂಗ್ ಫ್ಯೂಗ್ ಆಗಿಯೇ ಉಳಿಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದರ ಬಿಗಿ ಸಡಿಲವಾಗಿ, ಜಿ ಮೇಜರಿನಲ್ಲಿ ಮೃದುವಾದ ಎರಡನೆಯ ವಸ್ತುವೊಂದು ಕಾಣಿಸಿಕೊಳ್ಳುತ್ತದೆ; ಇದು ಸೊನಾಟ ಪ್ರಕಾರದ ಲಕ್ಷಣ. ವಿಶೇಷವೆಂದರೆ ಈ ಮೃದು ವಸ್ತುವು ಫ್ಯೂಗ್‌ನ ಪ್ರತಿವಸ್ತುವಿನಿಂದಲೇ ಹುಟ್ಟಿದುದು. ಹೊರಗಿನಿಂದ ತಂದು ಸೇರಿಸಿದ್ದಲ್ಲ. ಮುಂದೆ ಎರಡು ಪ್ರಕಾರಗಳ ನಡುವೆ ಸೆಣಸಾಟ ನಡೆಯುತ್ತದೆ. ಫ್ಯೂಗ್‌ಗೆ ಸಾತತ್ಯ ಬೇಕು. ಸೊನಾಟಕ್ಕೆ ವೈದೃಶ್ಯ ಬೇಕು. ಸೊನಾಟದ ನಿಯಮದಂತೆ ಮೊದಲಿನ ವಿಷಯ ಪುನರಾಗಮನ ಮಾಡಬೇಕಾದಲ್ಲಿ, ಫ್ಯೂಗ್ ತನ್ನ ಆರಂಭದ ಅಚ್ಚುಕಟ್ಟಾದ ಸರದಿಯಲ್ಲಿ ಮರಳುವುದಿಲ್ಲ. ಒಂದು ಸಲ ಒಡೆದ ಕ್ರಮವನ್ನು ಮತ್ತೆ ಜೋಡಿಸಿ ತೋರಿಸಲು ಕರ್ತೃ ಮನಸ್ಸುಮಾಡಿಲ್ಲ. ಕೊನೆಗೆ ವೇಗ ಇನ್ನೂ ಹೆಚ್ಚಿ, ಕೃತಿಯು ಇ ಮೈನರಿನಲ್ಲಿಯೇ, ಯಾವ ಸಮಾಧಾನವನ್ನೂ ಕೊಡದೆ, ಥಟ್ಟನೆ ಮುಗಿಯುತ್ತದೆ.

ಈ ಕಟುತ್ವಕ್ಕೆ ತಾಯಿಯ ಮರಣವೇ ಕಾರಣವೆಂದು ಹೇಳುವುದು ಆಕರ್ಷಕವಾದರೂ ಅವಸರದ ಮಾತು. ಜೀವನದ ಘಟನೆಗೂ ಕೃತಿಯ ಸ್ವರಕ್ಕೂ ಅಂಥ ನೇರವಾದ ದಾರಿಯಿರುವುದಿಲ್ಲ. ಕೃತಿಯೊಳಗಣ ಕಾರಣವೇ ನಮಗೆ ಸಾಕು. ಬಾಕ್‌ನ ಕಾಲದ ಕ್ರಮವನ್ನು ಬಲ್ಲವನು ಅದನ್ನು ತನ್ನ ಕಾಲದಲ್ಲಿ ಪೂರ್ತಿಯಾಗಿ ನಡೆಸಲಾರನೆಂಬುದನ್ನು ಈ ಭಾಗ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಬರಿಯ ಅನುಕಾರಿಯಾಗಿದ್ದರೆ ಶುದ್ಧವಾದ ಫ್ಯೂಗ್ ಒಂದನ್ನು ಬರೆದು ತೃಪ್ತನಾಗುತ್ತಿದ್ದನು. ಅದಕ್ಕೆ ಬೇಕಾದ ವಿದ್ಯೆ ಅವನಲ್ಲಿ ಧಾರಾಳವಾಗಿಯೇ ಇತ್ತು.

ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಸೆಣಸಾಟ ತೀವ್ರವಾದೆಡೆಗಳಲ್ಲಿ ಪಿಯಾನೋವಿನ ಬರಹ ದಟ್ಟವಾಗಿ, ಚೆಲೋ ಮಂದ್ರದಲ್ಲಿ ಎಷ್ಟು ಶ್ರಮಿಸಿದರೂ ಕೇಳಿಸದೆ ಹೋಗುತ್ತದೆ. ಗೆನ್ಸ್‌ಬಾಖರ್‌ನೊಡನೆ ನುಡಿಸುವಾಗ ಬ್ರಾಮ್ಸ್‌ನು ಪಿಯಾನೋವನ್ನು ಅಬ್ಬರಿಸಿದನೆಂದೂ, ತನ್ನ ಚೆಲೋ ತನಗೇ ಕೇಳಿಸುತ್ತಿಲ್ಲವೆಂದು ಆತ ದೂರಿದಾಗ, ಅದು ನಿನ್ನ ಪುಣ್ಯವೆಂಬ ಅರ್ಥದ ಉತ್ತರ ಕೊಟ್ಟನೆಂದೂ ಒಂದು ಕತೆಯಿದೆ. ಕತೆ ನಿಜವಿರಲಿ ಇಲ್ಲದಿರಲಿ, ಅದು ಹುಟ್ಟಿಕೊಳ್ಳಲು ಆಸ್ಪದವನ್ನು ಈ ಭಾಗವೇ ಒದಗಿಸಿದೆ. ಫ್ಯೂಗ್ ತತ್ತ್ವತಃ ಕೊಟ್ಟ ಸಮಾನತೆಯನ್ನು ನಾದದ ಭಾರ ಅಲ್ಲಲ್ಲಿ ಕಿತ್ತುಕೊಳ್ಳುತ್ತದೆ. ಆದುದರಿಂದ ಆಕ್ಷೇಪಿಸುವುದಾದರೆ ಪಾಂಡಿತ್ಯವನ್ನಲ್ಲ, ತೂಕವನ್ನು ಆಕ್ಷೇಪಿಸಬೇಕು. ಇಬ್ಬರು ವಾದಕರ ವಿವೇಕದಿಂದ ಈ ದೋಷ ಬಹುಮಟ್ಟಿಗೆ ತೀರಬಹುದು. ಪಾಂಡಿತ್ಯ ನಿಜವಾಗಿಯೂ ಭಾವವನ್ನು ನುಂಗಿದ್ದರೆ ಯಾವ ವಾದಕನೂ ಅದನ್ನು ತಿದ್ದಲಾರನು.

೭

ಈ ಸೊನಾಟ ಪ್ರಕಟವಾದ ಎಂಟು ವರ್ಷಗಳ ಬಳಿಕ, ೧೮೭೪ರಲ್ಲಿ, ನೀಚೆಯು ಜೀವನಕ್ಕೆ ಇತಿಹಾಸದಿಂದಾಗುವ ಪ್ರಯೋಜನ ಮತ್ತು ಹಾನಿಗಳನ್ನು ಕುರಿತ ತನ್ನ ಪ್ರಬಂಧವನ್ನು ಹೊರತಂದನು. ಇತಿಹಾಸಜ್ಞಾನ ಮಿತಿಮೀರಿದರೆ ಜೀವಶಕ್ತಿ ಕುಗ್ಗುತ್ತದೆಂಬುದು ಅವನ ಎಚ್ಚರಿಕೆ. ಇತಿಹಾಸವನ್ನು ಬೋಧಿಸುವ ನಾವು ಈ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ; ಹಳೆಯದನ್ನು ಬಲ್ಲೆವೆಂಬ ಕಾರಣಕ್ಕೇ ಹೊಸದನ್ನು ಮಾಡಲಾರದೆ ಹೋದವರನ್ನು ಎಲ್ಲ ಕ್ಷೇತ್ರಗಳಲ್ಲಿಯೂ ಕಾಣುತ್ತೇವೆ. ಆದರೆ ರೋಗಕ್ಕೆ ಮದ್ದು ಅಜ್ಞಾನವಲ್ಲ. ಆ ಕಾಲದ ಯಾವ ಕರ್ತೃವಿಗಿಂತಲೂ ಕಡಮೆಯಿಲ್ಲದಂತೆ ಗತಕಾಲವನ್ನು ಬಲ್ಲ ಒಬ್ಬನು ಅದನ್ನು ಮೊದಲು ಜೀರ್ಣಿಸಿಕೊಂಡು ಹಾಡಿದನು, ಬಳಿಕ ದೂರದಿಂದ ನೆನೆದನು, ಕಡೆಗೆ ಎದುರು ನಿಂತು ಸೆಣಸಿದನು. ಮೂರೂ ಪ್ರಾಮಾಣಿಕವಾದ ಮಾರ್ಗಗಳೇ.

ಇಪ್ಪತ್ತನೆಯ ಶತಮಾನದಲ್ಲಿ ಬ್ರಾಮ್ಸ್‌ನ ಖ್ಯಾತಿ ತಿರುವು ಪಡೆಯಿತು. ಹೊಸ ಸಂಗೀತದ ಪ್ರವರ್ತಕನಾದ ಶೋನ್‌ಬರ್ಗ್ ೧೯೩೩ರ ಉಪನ್ಯಾಸವೊಂದರಲ್ಲಿ, ಸಂಪ್ರದಾಯಶರಣನೆನಿಸಿದ್ದ ಬ್ರಾಮ್ಸ್‌ನು ವಾಸ್ತವವಾಗಿ ಪ್ರಗತಿಶೀಲನೆಂದು ವಾದಿಸಿದನು. ಅದರ ಪರಿಷ್ಕೃತ ರೂಪ ೧೯೫೦ರಲ್ಲಿ ಪ್ರಕಟವಾದ ಅವನ ಪ್ರಬಂಧ ಸಂಗ್ರಹದಲ್ಲಿದೆ. ಆ ವಾದ ಉಪಯುಕ್ತವಾದುದೇ. ಆದರೂ ಒಂದು ಹೆಸರುಪಟ್ಟಿಯನ್ನು ಕಿತ್ತು ಅದೇ ಜಾಗದಲ್ಲಿ ಅದರ ವಿರುದ್ಧ ಪಟ್ಟಿಯನ್ನು ಅಂಟಿಸುವುದರಿಂದ ಈ ಸೊನಾಟ ನಮಗೆ ಹೆಚ್ಚು ತಿಳಿಯುವುದೆಂದು ತೋರುವುದಿಲ್ಲ. ೧೮೬೦ರ ಪ್ರಕಟಣೆಯನ್ನು ಮಾತ್ರ ಓದಿದವನಿಗೆ ಬ್ರಾಮ್ಸ್ ಒಂದು ಪಕ್ಷದವನು. ಈ ಕೃತಿಯನ್ನು ಕೇಳಿದವನಿಗೆ ಅವನು ಪಕ್ಷಗಳಿಗೆ ನಿಲುಕದ ಕಷ್ಟವೊಂದನ್ನು ಹೊತ್ತವನು.

ನಮ್ಮ ವಿದ್ಯಾರ್ಥಿಗಳಲ್ಲಿ ಪಾಶ್ಚಾತ್ಯ ಸಂಗೀತದ ಪರಿಚಯ ಉಳ್ಳವರು ಕಡಮೆಯಿರಬಹುದು. ಅಂಥವರು ಈ ಸೊನಾಟದ ಧ್ವನಿಮುದ್ರಣವನ್ನು ‘ಫ್ಯೂಗ್ ಕಲೆ’ಯ ಮೂರನೆಯ ಮತ್ತು ಹದಿಮೂರನೆಯ ಭಾಗಗಳೊಡನೆ ಇಟ್ಟು, ಒಂದಾದ ಮೇಲೊಂದನ್ನು ಕೇಳಲಿ. ಯಾವ ಪರಿಭಾಷೆಯ ಅರಿವಿಲ್ಲದೆಯೂ, ಒಂದು ಕಾಲ ಇನ್ನೊಂದು ಕಾಲದಿಂದ ಪಡೆಯಬಹುದಾದುದೆಷ್ಟು, ಪಡೆಯಲಾಗದುದೆಷ್ಟು ಎಂಬುದು ಕಿವಿಗೆ ತಿಳಿಯುತ್ತದೆ. ಇತಿಹಾಸದ ಪಾಠಕ್ಕೆ ಅದು ಹೊರಗಿನ ಸಂಗತಿಯೇನೂ ಅಲ್ಲ.